ಎರಡು ಮತಗಳ ಪೀಠ

ಉಮೇದುವಾರಿಕೆಗಳಲ್ಲೆಲ್ಲ ವಿಚಿತ್ರವಾದದ್ದು ಶಾಸನಸಭೆಯ ಅಧ್ಯಕ್ಷಪೀಠದ ಉಮೇದುವಾರಿಕೆ. ಗೆಲ್ಲುವ ತನಕ ಪಕ್ಷ ಬೇಕು, ಸ್ನೇಹಿತರು ಬೇಕು, ಮೊಗಸಾಲೆಯಲ್ಲಿ ಕೈಹಿಡಿದು ಮಾತನಾಡಿಸುವ ಚಾತುರ್ಯ ಬೇಕು. ಗೆದ್ದ ಗಳಿಗೆಯಿಂದ ಅವೆಲ್ಲವನ್ನೂ ಹೊಸ್ತಿಲಾಚೆ ಬಿಡಬೇಕು. ಯಾರ ಮತದಿಂದ ಪೀಠ ದಕ್ಕಿತೋ ಅವರನ್ನೇ ‘ಸಾಕು, ಕುಳಿತುಕೊಳ್ಳಿ’ ಎನ್ನಬೇಕು. ದೆಹಲಿಯ ಕೇಂದ್ರ ಶಾಸನಸಭೆಯಲ್ಲಿ ಈ ಪರೀಕ್ಷೆಗೆ ಮೊದಲು ಕುಳಿತವರು ವಿಠ್ಠಲಭಾಯಿ ಪಟೇಲರು. ಅವರ ತಮ್ಮ ವಲ್ಲಭಭಾಯಿಯವರ ಕೀರ್ತಿಯ ನೆರಳಿನಲ್ಲಿ ನಾವು ಈ ಅಣ್ಣನನ್ನು ಮರೆತೇಬಿಟ್ಟಿದ್ದೇವೆ.

1919ರ ಕಾಯಿದೆಯಂತೆ ಹುಟ್ಟಿದ ಆ ಸಭೆಯಲ್ಲಿ 145 ಸ್ಥಾನಗಳು. ಚುನಾಯಿತರು 104 ಮಂದಿ. ಉಳಿದ 41 ಮಂದಿ ಸರ್ಕಾರ ನೇಮಿಸಿದವರು, ಅವರಲ್ಲಿ 26 ಮಂದಿ ಅಧಿಕಾರಿಗಳೇ. ಮೊದಲ ನಾಲ್ಕು ವರ್ಷ ಅಧ್ಯಕ್ಷರೂ ಸರ್ಕಾರದ ನೇಮಕವೇ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪಳಗಿದ್ದ ಸರ್ ಫ್ರೆಡರಿಕ್ ವೈಟ್ ಆ ಕೆಲಸ ನಡೆಸಿದರು. 1925ರಲ್ಲಿ ಅವಧಿ ಮುಗಿಯಿತು. ಇನ್ನು ಮುಂದೆ ಸಭೆಯೇ ತನ್ನ ಅಧ್ಯಕ್ಷನನ್ನು ಆರಿಸಿಕೊಳ್ಳಬೇಕು, ಗವರ್ನರ್ ಜನರಲ್ ಒಪ್ಪಿಗೆ ಕೊಡಬೇಕು.

ವಿಠ್ಠಲಭಾಯಿಯವರು ಬ್ಯಾರಿಸ್ಟರು. ಆ ಓದಿನ ಹಿಂದೆಯೂ ಒಂದು ಕಥೆಯುಂಟು. ವಿಲಾಯತಿಗೆ ಹೋಗಲು ದುಡ್ಡು ಕೂಡಿಟ್ಟು ಏರ್ಪಾಡು ಮಾಡಿಕೊಂಡವರು ತಮ್ಮ. ‘ವಿ. ಜೆ. ಪಟೇಲ್’ ಎಂಬ ವಿಳಾಸದ ಕಾಗದಪತ್ರ ಅಣ್ಣನ ಕೈಗೆ ಬಿತ್ತು. ಹೆಸರಿನ ಮೊದಲಕ್ಷರ ಇಬ್ಬರದೂ ಒಂದೇ! ‘ನಾನು ಹಿರಿಯ, ಮೊದಲು ನಾನು ಹೋಗಿಬರುತ್ತೇನೆ’ ಎಂದರು ಅಣ್ಣ. ತಮ್ಮ ಬಿಟ್ಟುಕೊಟ್ಟರು. ಅಣ್ಣನಾದವನಿಗೆ ಇದು ಭೂಷಣವೇ ಎಂದು ಕೇಳಬಹುದು. ಕೈಗೆ ಬಂದ ಅವಕಾಶವನ್ನು ಬಿಡುವ ಜಾಯಮಾನ ಅವರದಲ್ಲ ಎಂಬುದಂತೂ ಸ್ಪಷ್ಟ.

1923ರಲ್ಲಿ ಚಿತ್ತರಂಜನ ದಾಸ್, ಮೋತೀಲಾಲ್ ನೆಹರೂ ಅವರೊಡನೆ ಸೇರಿ ಅವರು ಸ್ವರಾಜ್ಯ ಪಕ್ಷ ಕಟ್ಟಿದರು. ಶಾಸನಸಭೆಗಳನ್ನು ಹೊರಗೆ ನಿಂತು ಬಹಿಷ್ಕರಿಸುವ ಬದಲು ಒಳಹೊಕ್ಕು ಮುರಿಯುವುದು ಆ ಪಕ್ಷದ ಹಂಚಿಕೆ. ಅಂಥವರು ಅಧ್ಯಕ್ಷಪೀಠಕ್ಕೆ ನಿಲ್ಲುವುದೆಂದರೇನು? ಮನೆ ಕೆಡವಲು ಬಂದವನು ನಡುಗಂಬವನ್ನು ಕಾಯುತ್ತೇನೆ ಎಂದಂತೆ. ಇದು ಬರಿಯ ಅಧಿಕಾರದಾಸೆ ಎಂದೇ ನಾನೂ ಬಹುಕಾಲ ತಿಳಿದಿದ್ದೆ.

1925ರ ಆಗಸ್ಟ್ 22ರಂದು ಶಿಮ್ಲಾದಲ್ಲಿ ಚುನಾವಣೆ. ಎದುರಾಳಿ ಮದರಾಸಿನ ವಕೀಲರಾದ ದಿವಾನ್ ಬಹದ್ದೂರ್ ಟಿ. ರಂಗಾಚಾರ್ಯರು; ಸೌಮ್ಯವಾದಿಗಳು, ಸಭೆಯ ನಡವಳಿಕೆ ಬಲ್ಲವರು. ಅವರೇ ಗೆದ್ದಿದ್ದರೂ ಪೀಠಕ್ಕೆ ಕುಂದೇನೂ ಬರುತ್ತಿರಲಿಲ್ಲ. ಎಣಿಕೆಯಲ್ಲಿ ವಿಠ್ಠಲಭಾಯಿಯವರಿಗೆ 58, ರಂಗಾಚಾರ್ಯರಿಗೆ 56. ಒಬ್ಬನೇ ಒಬ್ಬ ಸದಸ್ಯ ಮನಸ್ಸು ಬದಲಿಸಿದ್ದರೆ ಸಮಸಮ! ಎರಡು ದಿನ ಕಳೆದು ಪೀಠವೇರಿದ ಪಟೇಲರು, ಇನ್ನು ತಾವು ಯಾವ ಪಕ್ಷದವರೂ ಅಲ್ಲ ಎಂದು ಸಾರಿದರು.

ಇಂಥ ಮಾತನ್ನು ಯಾರು ಬೇಕಾದರೂ ಆಡಬಹುದು, ನಡೆಸಿಕೊಟ್ಟದ್ದು ಹೆಚ್ಚು. 1927ರ ಜನವರಿಯಲ್ಲಿ ಹೊಸ ಸಭೆ ಕೂಡಿದಾಗ ಅವರು ಅವಿರೋಧವಾಗಿ ಮತ್ತೆ ಆರಿಸಿಬಂದರು. ಎರಡು ಮತಗಳ ಅಂತರದಲ್ಲಿ ಬಂದವರಿಗೆ ಒಂದೂವರೆ ವರ್ಷದಲ್ಲಿ ಎದುರಾಳಿಯೇ ಇಲ್ಲ. ಸಭೆಯ ಕಛೇರಿ ಸರ್ಕಾರದ ಇಲಾಖೆಯೊಂದರ ಬಾಲವಾಗಿರಬಾರದೆಂದು ಅವರು ಪಟ್ಟುಹಿಡಿದರು. ಮೋತೀಲಾಲರು ನಿರ್ಣಯ ತಂದರು. 1929ರ ಜನವರಿಯಲ್ಲಿ ಅಧ್ಯಕ್ಷರ ಅಧೀನದ ಪ್ರತ್ಯೇಕ ಇಲಾಖೆಯಾಯಿತು. ಇಂದಿನ ಲೋಕಸಭೆಯ ಸಚಿವಾಲಯಕ್ಕೆ ಅದೇ ಬೇರು.

ಅವರ ನಿಜವಾದ ಪರೀಕ್ಷೆ ಸಾರ್ವಜನಿಕ ಸುರಕ್ಷತಾ ಮಸೂದೆಯದು. 1928ರ ಸೆಪ್ಟೆಂಬರಿನಲ್ಲಿ ಅದನ್ನು ವಿಚಾರಕ್ಕೆ ತೆಗೆದುಕೊಳ್ಳಬೇಕೆಂಬ ಸೂಚನೆಗೆ 61 ಪರ, 61 ವಿರೋಧ. ಅಧ್ಯಕ್ಷರ ನಿರ್ಣಾಯಕ ಮತ ವಿರೋಧವಾಗಿ ಬಿತ್ತು. ಇಂಥ ಅಸಾಧಾರಣ ಅಧಿಕಾರ ಬೇಡುವವರು ಸಭೆಯ ಬಹುಮತವನ್ನು ತಾವೇ ಒಲಿಸಿಕೊಳ್ಳಬೇಕು ಎಂಬುದು ಅವರ ವಾದ. ಸರ್ಕಾರ ಮಸೂದೆಯನ್ನು ಮರುವರ್ಷ ಮತ್ತೆ ತಂದಿತು. ಅಷ್ಟರಲ್ಲಿ ಮೀರತ್ ಪಿತೂರಿ ಮೊಕದ್ದಮೆ ಆರಂಭವಾಗಿತ್ತು. 1929ರ ಏಪ್ರಿಲ್ 8ರಂದು ಅಧ್ಯಕ್ಷರು ತೀರ್ಪು ಹೇಳಲು ಎದ್ದಾಗಲೇ ಭಗತ್ ಸಿಂಗ್, ಬಟುಕೇಶ್ವರ ದತ್ತರ ಬಾಂಬುಗಳು ಸಭಾಂಗಣಕ್ಕೆ ಬಿದ್ದದ್ದು. ಆ ಸದ್ದನ್ನು ಚರಿತ್ರೆ ನೆನಪಿಟ್ಟುಕೊಂಡಿದೆ, ನಿಂತುಹೋದ ತೀರ್ಪನ್ನು ಮರೆತಿದೆ. ಮೂರು ದಿನ ಬಿಟ್ಟು, 11ರಂದು, ವಿಠ್ಠಲಭಾಯಿಯವರು ಅದನ್ನು ಹೇಳಿಯೇ ಹೇಳಿದರು: ನ್ಯಾಯಾಲಯದ ಮುಂದಿರುವ ಸಂಗತಿಗಳನ್ನು ಎತ್ತದೆ ಈ ಮಸೂದೆಯನ್ನು ಚರ್ಚಿಸುವುದು ಸಾಧ್ಯವಿಲ್ಲ, ಆದ್ದರಿಂದ ಚರ್ಚೆಗೆ ಎಡೆಯಿಲ್ಲ. ಬಾಂಬಿಗೆ ಹೆದರಿ ಸರ್ಕಾರಕ್ಕೆ ಒಪ್ಪಿಸಿಬಿಡುವುದು ಆ ದಿನ ಸುಲಭವಿತ್ತು. ನನ್ನ ಹಳೆಯ ಅಭಿಪ್ರಾಯ ಕರಗಿದ್ದು ಈ ಮೂರು ದಿನಗಳನ್ನು ಕುರಿತು ಓದಿದಾಗ. ವೈಸರಾಯ್ ಇರ್ವಿನ್ನರು ಸುಗ್ರೀವಾಜ್ಞೆಯಿಂದ ತಮ್ಮ ಕೆಲಸ ಮಾಡಿಕೊಂಡರು. ಅಧ್ಯಕ್ಷರು ಮತ್ತೆ ಹೀಗೆ ತಡೆಯದಂತೆ ನಿಯಮವನ್ನೂ ತಿದ್ದಿಸಿದರು. ಆಮೇಲೆ ಸಭಾಂಗಣದ ಕಾವಲು ಯಾರ ವಶ ಎಂಬ ಜಗಳವೆದ್ದಿತು. ಅದರಲ್ಲಿಯೂ ಪಟೇಲರು ಪೀಠದ ಹಕ್ಕನ್ನು ಬಿಡಲಿಲ್ಲ.

1930ರ ಏಪ್ರಿಲಿನಲ್ಲಿ, ಉಪ್ಪಿನ ಸತ್ಯಾಗ್ರಹ ಕಾವೇರಿದಾಗ, ಅವರು ರಾಜೀನಾಮೆ ಕೊಟ್ಟು ಹೊರಬಂದರು, ಸೆರೆಮನೆಗೂ ಹೋದರು. 1933ರ ಅಕ್ಟೋಬರ್ 22ರಂದು ಜಿನೀವಾದ ಬಳಿ ತೀರಿಕೊಂಡರು.

ಅದೇ ಪೀಠಕ್ಕೆ 1946ರ ಜನವರಿಯಲ್ಲಿ ಮಾವಳಂಕರರು ಬಂದದ್ದು ಮೂರು ಮತಗಳ ಅಂತರದಲ್ಲಿ, 66ಕ್ಕೆ 63. ಸೋತವರು ಸರ್ ಕಾವಸ್ಜಿ ಜಹಾಂಗೀರ್. ಸ್ವಾತಂತ್ರ್ಯಾನಂತರ ಇಂಥ ಪೈಪೋಟಿ ಅಪರೂಪವಾಯಿತು. ನಡೆದವುಗಳಲ್ಲಿ ಒಂದು ನಮ್ಮವರಿಗೆ ಸಂಬಂಧಪಟ್ಟದ್ದು. 1976ರ ಜನವರಿ 5ರಂದು, ತುರ್ತುಪರಿಸ್ಥಿತಿಯ ನಡುವೆ, ವಿರೋಧಪಕ್ಷಗಳ ಎಷ್ಟೋ ಸದಸ್ಯರು ಸೆರೆಯಲ್ಲಿದ್ದಾಗ, ಬಲಿರಾಮ ಭಗತರಿಗೆ ಎದುರಾಗಿ ಸೂಚಿತವಾದ ಹೆಸರು ನರಗುಂದದ ಜಗನ್ನಾಥರಾವ್ ಜೋಶಿಯವರದು. ಗೋವಾ ವಿಮೋಚನೆಗಾಗಿ ಸೆರೆಮನೆ ಕಂಡವರು, ಮಾತಿನ ಮಲ್ಲರು. ಗೆಲ್ಲುವ ಮಾತು ಯಾರ ಕನಸಿನಲ್ಲೂ ಇದ್ದಿರಲಾರದು. ಭಗತರ ಪರ 344, ವಿರೋಧ 58. ವಿಠ್ಠಲಭಾಯಿಯವರನ್ನು ಗೆಲ್ಲಿಸಿದ್ದೂ 58 ಮತಗಳೇ. ಮರುವರ್ಷ ಜುಲೈಯಲ್ಲಿ ಅಲ್ಲಿಗೆ ಬಂದವರು ಬೆಂಗಳೂರು ದಕ್ಷಿಣದ ಸದಸ್ಯ ಕೆ. ಎಸ್. ಹೆಗ್ಡೆಯವರು, ಆ ಸಲ ಮತ ಎಣಿಸುವ ಪ್ರಮೇಯ ಬರಲಿಲ್ಲ.