ಕಲಿಯುವವರಿಗಾಗಿ ಕೆತ್ತಿದ ಹಲಗೆ

1947ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಜೋ ಕ್ವಿಗ್ ಅವರ ಕೈಗೆ ಒಂದು ಸಣ್ಣ ಕೆಲಸ ಬಂತು. ಕ್ವಿಗ್ ಸರ್ಫ್‌ಬೋರ್ಡ್ ಮಾಡುವವರು. ಗೆಳೆಯ ಟಾಮಿ ಝಾನ್ ತನ್ನ ಗೆಳತಿಗೊಂದು ಬೋರ್ಡ್ ಬೇಕೆಂದು ಕೇಳಿದ್ದರು. ಆಕೆ ಡಾರಿಲಿನ್ ಝಾನಕ್, ಹಾಲಿವುಡ್ಡಿನ ದೊಡ್ಡ ನಿರ್ಮಾಪಕ ಡಾರಿಲ್ ಝಾನಕ್ ಅವರ ಮಗಳು, ಸರ್ಫಿಂಗಿಗೆ ಹೊಸಬಳು. ಆ ಕಾಲದ ಬೋರ್ಡುಗಳನ್ನು ಹೊತ್ತು ಮರಳು ದಾಟಿಸಿ ನೀರಿಗಿಳಿಸುವುದಕ್ಕೇ ಗಟ್ಟಿ ರಟ್ಟೆ ಬೇಕಿತ್ತು. ಕ್ವಿಗ್ ಹಗುರವಾದ ಬಾಲ್ಸಾ ಮರದ ತುಂಡುಗಳನ್ನೇ ಹುಡುಕಿ ಆಯ್ದು, ಸುಮಾರು ಹತ್ತಡಿ ಉದ್ದದ ಬೋರ್ಡ್ ಮಾಡಿ, ಮೇಲೆ ಫೈಬರ್‌ಗ್ಲಾಸ್ ಹೊದಿಸಿ, ತಳದ ಹಿಂಬದಿಗೆ ಮೀನಿನ ರೆಕ್ಕೆಯಂಥ ಒಂದು ಫಿನ್ ಕೂರಿಸಿಕೊಟ್ಟರು. ಮಾಲಿಬು ತೀರದ ಪಳಗಿದ ಗಂಡಸರು ಆ ‘ಹುಡುಗಿಯ ಬೋರ್ಡ್’ ಅನ್ನು ಎರವಲು ಪಡೆದು ಏರಿ ನೋಡಿದರು. ತಾವು ವರ್ಷಗಟ್ಟಲೆ ಒದ್ದಾಡಿ ತಿರುಗಿಸುತ್ತಿದ್ದುದನ್ನು ಇದು ಪಾದದ ಒತ್ತಿಗೇ ತಿರುಗಿ ತೋರಿಸಿತು. ಮುಂದೆ ‘ಮಾಲಿಬು ಚಿಪ್’ ಎಂದು ಹೆಸರಾದ ಹಗುರ ಬೋರ್ಡುಗಳ ಸಾಲು ಶುರುವಾದದ್ದು ಹೀಗೆ. ಕೆಲವೇ ವರ್ಷಗಳಲ್ಲಿ ಹಳೆಯ ಭಾರದ ಬೋರ್ಡುಗಳು ಮೂಲೆ ಸೇರಿದವು.

ಸರ್ಫಿಂಗಿನ ಚರಿತ್ರೆಯಲ್ಲಿ ಇದನ್ನು ಸಾಮಾನ್ಯವಾಗಿ ಒಂದು ಸ್ವಾರಸ್ಯದ ಪ್ರಸಂಗವೆಂದು ಹೇಳಿ ಮುಂದೆ ಹೋಗುತ್ತಾರೆ. ನನಗೆ ಇದು ಈ ಕಸುಬಿನ ನಡೆಯನ್ನೇ ತೋರಿಸುವ ಪ್ರಸಂಗವಾಗಿ ಕಾಣುತ್ತದೆ. ಮೋಟಾರು ದೋಣಿಯ ಹಿಂದೆ ಏಳುವ ಅಲೆಯ ಮೇಲೆ, ಹಗ್ಗ ಕೈಬಿಟ್ಟು ಜಾರುವ ವೇಕ್‌ಸರ್ಫಿಂಗ್ ಆಟಕ್ಕೆ ಇಂದು ಬೋರ್ಡ್ ಕೊಳ್ಳಹೊರಟವರಲ್ಲಿ ಒಂದು ಗಟ್ಟಿ ನಂಬಿಕೆಯಿದೆ: ಹೊಸಬರ ಬೋರ್ಡ್ ಎಂದರೆ ಪಳಗಿದವರ ಬೋರ್ಡಿನ ಅಗ್ಗದ, ದಪ್ಪನೆಯ, ನಾಲ್ಕು ದಿನದ ರೂಪ. ಚರಿತ್ರೆ ಬೇರೆಯದನ್ನೇ ಹೇಳುತ್ತದೆ. ಕಲಿಯುವವರು ಮೊದಲು ಎಲ್ಲಿ ಸೋಲುತ್ತಾರೆ ಎಂದು ನೋಡಿ, ಆ ಒಂದು ಜಾಗವನ್ನು ಸರಿಪಡಿಸಿದ ಬೋರ್ಡೇ ಹೊಸಬರ ಬೋರ್ಡ್. ಆ ಜಾಗ ಕಾಲಕ್ಕೊಂದು, ಅಲೆಗೊಂದು. ಅದನ್ನು ಸರಿಯಾಗಿ ಗುರುತಿಸಿದವರಿಂದಲೇ ಕಸುಬು ಬಹುಪಾಲು ಮುಂದೆ ಹೋಗಿದೆ.

ಇದಕ್ಕೆ ಮೊದಲ ಆಕ್ಷೇಪ ಹವಾಯಿಯಿಂದಲೇ ಬರಬಹುದು. ಕ್ಯಾಪ್ಟನ್ ಕುಕ್ ಸತ್ತ 1779ರಲ್ಲಿ ಹಡಗಿನ ದಿನಚರಿಯನ್ನು ಮುಂದುವರಿಸಿದ ಲೆಫ್ಟಿನೆಂಟ್ ಜೇಮ್ಸ್ ಕಿಂಗ್, ಕೆಯಲಕೆಕುವಾ ಕೊಲ್ಲಿಯಲ್ಲಿ ಜನ ಹಲಗೆಯ ಮೇಲೆ ಅಲೆ ಏರುವುದನ್ನು ಬೆರಗಿನಿಂದ ಬರೆದಿಟ್ಟಿದ್ದಾರೆ. ಅಲ್ಲಿ ಹಲಗೆಗಳಿಗೆ ಅಂತಸ್ತು ಇತ್ತು. ಅತಿ ಉದ್ದದ, ದಪ್ಪನೆಯ ‘ಓಲೋ’ ಅರಸುಮನೆತನದವರ ಪಾಲು. ನಮ್ಮ ಹಾಲುವಾಣದ ಕುಲಕ್ಕೇ ಸೇರಿದ ವಿಲಿವಿಲಿ ಎಂಬ ಹಗುರ ಮರದಿಂದ ಅದನ್ನು ಕೆತ್ತುತ್ತಿದ್ದರು. ತೆಳುವಾದ ‘ಅಲಾಯಾ’ಕ್ಕೆ ಕೋವಾ ಮರ, ಇಲ್ಲವೇ ಕರಾವಳಿಯವರು ಜೀಗುಜ್ಜೆ ಎನ್ನುವ ದೀವಿಹಲಸು. ಹೊನೊಲುಲುವಿನ ಬಿಷಪ್ ಮ್ಯೂಸಿಯಮ್ಮಿನಲ್ಲಿ ಪಾಕಿ ಎಂಬ ನಾಯಕನ ಓಲೋ ಹಲಗೆಗಳು ಇವತ್ತಿಗೂ ಇವೆ: 14 ಅಡಿ ಮೀರಿದ ಉದ್ದ, 65 ಕಿಲೋಗೂ ಹೆಚ್ಚು ತೂಕ. ಉದ್ದ, ದಪ್ಪ, ತೇಲುವಿಕೆ ಹೊಸಬರ ಗುರುತಾದರೆ ಅರಸರೇ ಹೊಸಬರಾಗಿದ್ದರೇ? ಪ್ರಶ್ನೆ ನ್ಯಾಯವಾದದ್ದೇ, ಉತ್ತರವೂ ಅದರೊಳಗೇ ಇದೆ. ಓಲೋ ಹಲಗೆ ಇದ್ದದ್ದು ಇನ್ನೂ ಮುರಿಯದೆ ಮೆಲ್ಲಗೆ ಉಬ್ಬಿ ಬರುವ ಆಳದ ಅಲೆಯನ್ನು ದೂರದಲ್ಲೇ ಹಿಡಿಯಲಿಕ್ಕೆ. ದಡದ ಹತ್ತಿರ ನೊರೆಯಲ್ಲಿ ಆಡುವ ಮಕ್ಕಳ ಕೈಯಲ್ಲಿದ್ದದ್ದು ‘ಪೈಪೊ’, ಹೊಟ್ಟೆಯಡಿಗೆ ಹಿಡಿದು ಮಲಗಿ ಜಾರುವ ಚಿಕ್ಕ ಹಲಗೆ. ಅಲ್ಲಿ ಕಲಿಯುವ ಹಲಗೆಯೇ ಎಲ್ಲಕ್ಕಿಂತ ಗಿಡ್ಡ. ಮಲಗಿಯೇ ಜಾರುವವರಿಗೆ ಎದ್ದು ನಿಲ್ಲುವ ಕಷ್ಟವಿಲ್ಲ, ದಡದ ಅಲೆ ತಾನೇ ತಳ್ಳುವುದರಿಂದ ಅಲೆ ಹಿಡಿಯುವ ಕಷ್ಟವೂ ಇಲ್ಲ. ಸುಲಭ ಯಾವುದೆಂದು ಅಳತೆಪಟ್ಟಿಯಿಂದ ಹೇಳಲಾಗದು, ಅಲೆಯನ್ನು ನೋಡಿ ಹೇಳಬೇಕು.

ಈ ವಿವೇಕ ಅಮೆರಿಕದ ದಡ ಸೇರುವಾಗ ಅರ್ಧ ಕಳೆದುಹೋಯಿತು. 1885ರಲ್ಲಿ ಹವಾಯಿಯ ಮೂವರು ರಾಜಕುಮಾರರು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಝ್‌ನಲ್ಲಿ ಅಲೆಯೇರಿದಾಗ ಬಳಸಿದ್ದು ಅಲ್ಲಿಯದೇ ರೆಡ್‌ವುಡ್ ಮರ. ಅದೇ ರೂಢಿಯಾಯಿತು. ಮುಂದಿನ ಅರ್ಧ ಶತಮಾನ ರೆಡ್‌ವುಡ್ ಇಲ್ಲವೇ ಪೈನ್ ಮರದ ಭಾರದ ಹಲಗೆಗಳದ್ದೇ ಆಳ್ವಿಕೆ. ಭಾರವೇ ಗಂಡಸುತನದ ಗುರುತೂ ಆಯಿತು. ಪಾಕಿಯ ಹಲಗೆಗಳನ್ನು ತಮ್ಮ ಕೈಯಾರೆ ದುರಸ್ತಿ ಮಾಡಿದ್ದ ಟಾಮ್ ಬ್ಲೇಕ್ ಮರವನ್ನು ಒಳಗೆ ಟೊಳ್ಳು ಮಾಡಿದರು, 1935ರಲ್ಲಿ ಫಿನ್ ಜೋಡಿಸಿದರು. ಕ್ವಿಗ್ ಕೈಗೆ ಎರಡನೇ ಮಹಾಯುದ್ಧ ತಂದುಕೊಟ್ಟ ಫೈಬರ್‌ಗ್ಲಾಸೂ ರಾಳವೂ ಸಿಕ್ಕಿದ್ದವು. ಸಾಮಗ್ರಿ ಎಲ್ಲರಿಗೂ ಸಿಗುತ್ತಿತ್ತು. ಆದರೆ ಹೊಸಬಳೊಬ್ಬಳು ಹೊರಲಾರದ ಬೋರ್ಡನ್ನು ಅವಳಿಗಾಗಿ ಹಗುರ ಮಾಡಬೇಕಾಗಿ ಬಂದಾಗಲೇ ಅವೆಲ್ಲ ಒಂದು ಕಡೆ ಸೇರಿದ್ದು. 1958ರ ಹೊತ್ತಿಗೆ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಪಾಲಿಯುರೆಥೇನ್ ಫೋಮ್ ಬೋರ್ಡುಗಳನ್ನು ಅಚ್ಚು ಹಾಕಿ ತೆಗೆಯತೊಡಗಿದರು. 1959ರಲ್ಲಿ, ಸರ್ಫಿಂಗ್ ಕಲಿಯುವ ಹುಡುಗಿಯೊಬ್ಬಳ ಕಥೆಯ ‘ಗಿಜೆಟ್’ ಸಿನಿಮಾ ಬಂದು ದಡಗಳೆಲ್ಲ ತುಂಬಿ ತುಳುಕಿದವು. ಹಗುರ ಬೋರ್ಡ್ ಇಲ್ಲದಿದ್ದರೆ ಆ ಜನ ಬಂದೂ ಪ್ರಯೋಜನವಿರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಬಲವಾದದ್ದು. 1967ರ ಸುಮಾರಿಗೆ ಆಸ್ಟ್ರೇಲಿಯಾದ ಬಾಬ್ ಮೆಕ್‌ಟ್ಯಾವಿಶ್, ನ್ಯಾಟ್ ಯಂಗ್, ಕ್ಯಾಲಿಫೋರ್ನಿಯಾದ ಜಾರ್ಜ್ ಗ್ರೀನೋ ಮುಂತಾದವರು ಬೋರ್ಡಿನ ಉದ್ದವನ್ನು ಕತ್ತರಿಸತೊಡಗಿದರು. ಒಂಬತ್ತು ಹತ್ತು ಅಡಿಯಿದ್ದದ್ದು ಎರಡು ಮೂರು ವರ್ಷಗಳಲ್ಲಿ ಏಳಡಿಯ ಆಸುಪಾಸಿಗೆ ಇಳಿಯಿತು. ಇವರು ಯಾರೂ ಹೊಸಬರನ್ನು ನೆನೆದು ಹೀಗೆ ಮಾಡಲಿಲ್ಲ, ಅಲೆಯ ಕಡಿದಾದ ಮುಖದಲ್ಲಿ ಇನ್ನೂ ಬಿಗಿಯಾಗಿ ತಿರುಗಬೇಕೆಂಬ ಹಂಬಲದಿಂದ ಮಾಡಿದರು. ಒಪ್ಪುತ್ತೇನೆ, ಪರಿಣತರ ಆಟ ಇದರಿಂದ ಬೆಳೆಯಿತು ಎಂಬುದನ್ನೂ ಒಪ್ಪುತ್ತೇನೆ. ಆದರೆ ಕಲಿಯುವವರ ಗತಿ ಏನಾಯಿತು ನೋಡಿ. ಮಾರುಕಟ್ಟೆಯಲ್ಲಿ ಹೊಸದಾಗಿ ಸಿಗುವುದೆಲ್ಲ ಕಾಲಡಿ ಮುಳುಗುವ ಗಿಡ್ಡ ಬೋರ್ಡ್. ಆ ತೆರವನ್ನು ತುಂಬಿದವರು ಟಾಮ್ ಮೋರಿ. 1971ರಲ್ಲಿ ಹವಾಯಿಯಲ್ಲಿ ಫೋಮ್ ತುಂಡೊಂದನ್ನು ಕತ್ತರಿಸಿ ಅವರು ಮಾಡಿದ ಬೂಗಿ ಬೋರ್ಡ್, ಮಲಗಿ ಜಾರುವ ಪೈಪೊಗೆ ಮರುಜನ್ಮ ಕೊಟ್ಟಿತು. ಆಮೇಲೆ ಮೈಕ್ ಡಾಯ್ಲ್ ಜೊತೆ ಸೇರಿ ನಿಂತು ಏರುವ ಮೆತ್ತನೆ ಬೋರ್ಡನ್ನೂ ತಂದರು. ಇಂದು ಪ್ರಪಂಚದ ಬಹುತೇಕ ಸರ್ಫ್ ಶಾಲೆಗಳು ನಡೆಯುವುದು ಆ ವಂಶದ ಬೋರ್ಡುಗಳ ಮೇಲೆ. ಇನ್ನು ಸ್ಪರ್ಧೆಯ ಲೋಕವನ್ನೇ ಬದಲಿಸಿದ ಮೂರು ಫಿನ್‌ಗಳ ‘ಥ್ರಸ್ಟರ್’? ಸಿಡ್ನಿಯ ಸೈಮನ್ ಆ್ಯಂಡರ್ಸನ್ ಆಜಾನುಬಾಹು. ಆಗ ಚಾಲ್ತಿಯಲ್ಲಿದ್ದ ಎರಡು ಫಿನ್ ಬೋರ್ಡು ಅವರ ಕಾಲಡಿ ಜಾರಿಹೋಗುತ್ತಿತ್ತು. ಹಿಡಿತ ಸಿಗಲೆಂದು ಮೂರನೆಯದನ್ನು ಸೇರಿಸಿ 1981ರಲ್ಲಿ ಬೆಲ್ಸ್ ಬೀಚ್ ಪಂದ್ಯ ಗೆದ್ದರು. ಅವರು ಹೊಸಬರಲ್ಲ, ನಿಜ. ಆದರೂ ಅವರು ಹುಡುಕಿದ್ದು ಕಾಲಡಿ ಜಾರದ ಬೋರ್ಡನ್ನೇ.

ಈಗ ದೋಣಿಯ ಹಿಂದಕ್ಕೆ ಬರೋಣ. 1922ರಲ್ಲಿ ಮಿನೆಸೋಟಾದ ಪೆಪಿನ್ ಸರೋವರದಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎರಡು ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ವಾಟರ್ ಸ್ಕೀಯಿಂಗ್ ಶುರುಮಾಡಿದಾಗಿನಿಂದ ದೋಣಿಯ ಹಗ್ಗ ಹಿಡಿದು ಜಾರುವ ಆಟ ಬೆಳೆಯುತ್ತಲೇ ಬಂತು. 1985ರಲ್ಲಿ ಸ್ಯಾನ್ ಡಿಯೇಗೊದ ಟೋನಿ ಫಿನ್, ಸರ್ಫ್‌ಬೋರ್ಡೂ ಸ್ಕೀಯೂ ಬೆರೆತಂಥ ‘ಸ್ಕರ್ಫರ್’ ತಂದರು. ಕಿರಿದಾದ, ಜೋರಾಗಿ ತೇಲುವ ಬೋರ್ಡು ಅದು. ಅದರ ತೊಂದರೆಯೇ ಆ ತೇಲುವಿಕೆ. ನೀರಲ್ಲಿ ಕೂತವರ ಪಾದದಡಿಯಿಂದ ಬೋರ್ಡ್ ಮೇಲಕ್ಕೆ ಚಿಮ್ಮುತ್ತಿತ್ತು; ಅದನ್ನು ಒತ್ತಿ ಹಿಡಿದು ಏಳಲು ಬಲವುಳ್ಳ ದೊಡ್ಡವರಿಗೇ ಕಷ್ಟ. 1990ರಲ್ಲಿ ಹರ್ಬ್ ಓಬ್ರಯನ್ ಹೊರತಂದ ‘ಹೈಪರ್‌ಲೈಟ್’ ಅಚ್ಚಿನಲ್ಲಿ ಒತ್ತಿ ತಯಾರಿಸಿದ ಬೋರ್ಡ್, ತೇಲಿಯೂ ತೇಲದ ಹಾಗಿತ್ತು. ಅದನ್ನು ನೀರೊಳಗೆ ಅದುಮಿ ಹಿಡಿದು ಹುಡುಗರೂ ಎದ್ದು ನಿಲ್ಲಬಹುದಾಯಿತು. ಹೀಗೆ ಹಗ್ಗ ಹಿಡಿದೇ ಜಾರುವ ವೇಕ್‌ಬೋರ್ಡಿಂಗ್ ಒಂದು ದೊಡ್ಡ ಆಟವಾದದ್ದು ಅಲ್ಲಿಂದ. ಮಾಲಿಬುವಿನಲ್ಲಿ ಹೊಸಬರಿಗೆ ಬೇಕಾದದ್ದು ಹಗುರ. ಇಲ್ಲಿ ಬೇಕಾದದ್ದು ತೇಲುವಿಕೆಯನ್ನು ತಗ್ಗಿಸುವುದು. ‘ಹೊಸಬರಿಗೆ ದೊಡ್ಡದು, ಚೆನ್ನಾಗಿ ತೇಲುವುದು’ ಎಂಬ ಸೂತ್ರ ನಿಲ್ಲುವುದಿಲ್ಲ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ವೇಕ್‌ಸರ್ಫಿಂಗಿನ ಲೆಕ್ಕ ಮತ್ತೆ ಬೇರೆ. ದೋಣಿಯ ಹಿಂದಿನ ಅಲೆಯಲ್ಲಿ ಉದ್ದನೆಯ ಸಮುದ್ರದ ಬೋರ್ಡ್ ಇಟ್ಟು ಜಾರಿದವರು 1950-60ರ ದಶಕಗಳಲ್ಲೇ ಇದ್ದರು. ಆದರೆ ಆಗಿನ ದೋಣಿಗಳ ಅಲೆ ಬಡಕಲು. ವೇಕ್‌ಬೋರ್ಡಿಂಗಿಗಾಗಿ ದೋಣಿಗಳೊಳಗೆ ನೀರಿನ ತೊಟ್ಟಿ, ಚೀಲ ತುಂಬಿ ಭಾರ ಹೇರುವ ರೂಢಿ ಬಂದ ಮೇಲೆ, ದೋಣಿಯನ್ನು ಒಂದು ಮಗ್ಗುಲಿಗೆ ವಾಲಿಸಿ ಒಂದೇ ಬದಿಗೆ ದೊಡ್ಡ ಅಲೆ ಎಬ್ಬಿಸುವುದನ್ನು ಜನ ಕಲಿತರು. ಎಡಗಾಲು ಮುಂದಿಡುವವರಿಗೆ ದೋಣಿಯ ಎಡಬದಿಯ ಅಲೆ, ಬಲಗಾಲಿನವರಿಗೆ ಬಲಬದಿಯದು. ಬದಿ ಬದಲಿಸಬೇಕಾದರೆ ನೀರನ್ನೆಲ್ಲ ಆಚೆಯಿಂದೀಚೆ ಪಂಪು ಮಾಡಬೇಕಿತ್ತು. 2012ರಲ್ಲಿ ಮಾಲಿಬು ಬೋಟ್ಸ್ ಕಂಪನಿ ದೋಣಿಯ ಹಿಂಬದಿಯ ಅಂಚಿನಲ್ಲಿ ತೆರೆದು ಮುಚ್ಚುವ ‘ಸರ್ಫ್ ಗೇಟ್’ ತಂದು ಆ ತಾಪತ್ರಯ ಕಳೆಯಿತು. ಅದರ ಪೇಟೆಂಟಿಗಾಗಿ ಕಂಪನಿಗಳು ಕೋರ್ಟು ಹತ್ತಿದವು ಎಂದರೆ ಅದರ ಬೆಲೆ ತಿಳಿಯುತ್ತದೆ.

ಇಷ್ಟಾದ ಮೇಲೂ ದೋಣಿ ಸಾಗುವುದು ಗಂಟೆಗೆ 16ರಿಂದ 19 ಕಿಲೋಮೀಟರಿನ ನಿಧಾನದಲ್ಲಿ. ಹೊಸಬರು ಇಲ್ಲಿ ಏಳುವಾಗ ಅಷ್ಟಾಗಿ ಸೋಲುವುದಿಲ್ಲ. ನೀರಲ್ಲಿ ಮಲಗಿ ಎರಡೂ ಹಿಮ್ಮಡಿ ಬೋರ್ಡಿನ ಅಂಚಿಗಿಟ್ಟು ಹಗ್ಗ ಹಿಡಿದರೆ, ದೋಣಿ ಮೆಲ್ಲಗೆ ಹೊರಟಾಗ ಬೋರ್ಡ್ ತಾನೇ ಎದ್ದು ಪಾದಕ್ಕೆ ಒತ್ತಿಕೊಳ್ಳುತ್ತದೆ. ಸೋಲುವುದು ಆಮೇಲೆ. ಹಗ್ಗ ಸಡಿಲಾದ ಕ್ಷಣ ಅಲೆಯ ತಳ್ಳುವ ಜಾಗದಿಂದ ಹಿಂದೆ ಜಾರುತ್ತಾರೆ, ಜಾರಿದರೆ ಮತ್ತೆ ಸೇರಲಾರರು. ಆದ್ದರಿಂದ ಇಲ್ಲಿ ಬೇಕಾದದ್ದು ಕಡಿಮೆ ವೇಗದಲ್ಲೂ ನೀರ ಮೇಲೆ ನಿಂತು ಮುಂದಕ್ಕೆ ಓಡುವ ಬೋರ್ಡ್. ದಪ್ಪ ಇರಲಿ, ಹಿಂಬದಿ ಅಗಲ ಇರಲಿ, ಮೂತಿಯಿಂದ ಬಾಲದವರೆಗಿನ ಬಾಗು ಕಡಿಮೆ ಇರಲಿ; ಹೆಚ್ಚು ಬಾಗಿದ ಬೋರ್ಡ್ ನೀರನ್ನು ತಳ್ಳುತ್ತಾ ವೇಗ ಕಳೆದುಕೊಳ್ಳುತ್ತದೆ. ಸಾಮಾನ್ಯ ತೂಕದ ದೊಡ್ಡವರಿಗೆ ಉದ್ದ ಐದಡಿಯ ಆಸುಪಾಸು, ಭಾರದ ಆಳಿಗೆ ಇನ್ನಷ್ಟು. ಫಿನ್ ಎರಡೋ ಮೂರೋ ಇರಲಿ. ಒಂದೇ ಸಣ್ಣ ಫಿನ್ನಿನ, ಚೂಪು ಅಂಚಿನ, ತೆಳ್ಳನೆಯ ಸ್ಕಿಮ್ ಶೈಲಿಯ ಬೋರ್ಡ್ ಗಿರಗಿರನೆ ತಿರುಗಿಸಲು ಚೆನ್ನ, ಅದೇ ಕಾರಣಕ್ಕೆ ಹೊಸಬರ ಕಾಲಡಿ ನಿಲ್ಲದು. ಅಚ್ಚಿನಲ್ಲಿ ಒತ್ತಿ ಮಾಡಿದ ಬೋರ್ಡ್ ತುಸು ಭಾರ, ಆದರೆ ದೋಣಿಗೆ ತಗುಲಿದರೂ ಸುಲಭಕ್ಕೆ ಒಡೆಯದು. ತೆಳು ಎಪಾಕ್ಸಿ ಹೊದಿಕೆಯದು ಹಗುರ, ಚುರುಕು, ನಾಜೂಕು.

‘ದೋಣಿಗೆ ಅಷ್ಟು ದುಡ್ಡು ಸುರಿದ ಮೇಲೆ ಬೋರ್ಡ್ ಯಾವುದಾದರೇನು, ಅಲೆಯೇ ಎಲ್ಲ ಮಾಡುತ್ತದೆ’ ಎನ್ನುವವರೂ ಇದ್ದಾರೆ. ಅಲೆ ದೊಡ್ಡದಿದ್ದರೆ ಈ ಮಾತಿನಲ್ಲಿ ಹುರುಳಿದೆ. ಆದರೆ ಹೆಚ್ಚಿನವರು ಕಲಿಯುವುದು ಗೆಳೆಯರ, ಬಾಡಿಗೆಯ, ಭಾರ ಸಾಲದ ದೋಣಿಗಳ ಹಿಂದೆ. ಅಲೆ ಬಡವಾದಷ್ಟೂ ಬೋರ್ಡಿನ ಮೇಲಿನ ಹೊಣೆ ಹೆಚ್ಚು. ಇನ್ನು, ಒಂದೇ ಬೇಸಿಗೆಯಲ್ಲಿ ಇಂಥ ಬೋರ್ಡ್ ಸಾಕಾಗದೆ ಹೋಗುತ್ತದೆ ಎಂಬ ಅಂಜಿಕೆ. ಒಬ್ಬರಿಗೆ ಸಾಕಾಗದಿರಬಹುದು, ದೋಣಿಯಲ್ಲಿ ಮನೆಮಂದಿ, ನೆಂಟರಿಷ್ಟರು ಎಲ್ಲ ಇರುತ್ತಾರೆ, ಪ್ರತಿ ಸಲ ಒಬ್ಬ ಹೊಸಬರಾದರೂ ನೀರಿಗಿಳಿಯುತ್ತಾರೆ. ಆ ಬೋರ್ಡ್ ಮೂಲೆಗೆ ಬೀಳುವ ದಿನ ಬರುವುದಿಲ್ಲ.

ನಮ್ಮಲ್ಲಿ ಮೂಲ್ಕಿಯಲ್ಲಿ 2004ರ ಸುಮಾರಿಗೆ ‘ಸರ್ಫಿಂಗ್ ಸ್ವಾಮಿ’ ಎಂದೇ ಹೆಸರಾದ ಜ್ಯಾಕ್ ಹೆಬ್ನರ್ ಅವರ ಆಶ್ರಮದಿಂದ ಸರ್ಫಿಂಗ್ ಬೇರೂರಿ, 2016ರಲ್ಲಿ ಸಸಿಹಿತ್ಲುವಿನಲ್ಲಿ ಇಂಡಿಯನ್ ಓಪನ್ ನಡೆಯುವ ಮಟ್ಟಕ್ಕೆ ಬೆಳೆಯಿತು. ಕರಾವಳಿಯ ಶಾಲೆಗಳಲ್ಲಿ ಉದ್ದನೆಯ ಮೆತ್ತನೆ ಫೋಮ್ ಬೋರ್ಡಿನ ಮೇಲೆ ಕಲಿತವರು ಮುಂದೆ ಅಮೆರಿಕದ ಯಾವುದೋ ಸರೋವರದಲ್ಲಿ ದೋಣಿಯ ಹಿಂದೆ ಇಳಿದರೆ, ಅದೇ ಬೋರ್ಡನ್ನು ಕೇಳಬೇಡಿ. ದೋಣಿಯ ಹಿಂಭಾಗಕ್ಕೂ ನಿಮಗೂ ನಡುವೆ ಇರುವುದು ಕೆಲವೇ ಅಡಿ ಜಾಗ, ಎಂಟಡಿ ಬೋರ್ಡಿಗೆ ಅಲ್ಲಿ ಎಡೆಯಿಲ್ಲ. ಪ್ರೊಪೆಲ್ಲರ್ ದೋಣಿಯ ಹೊಟ್ಟೆಯಡಿ ಇದೆಯೇ ಎಂದು ಮೊದಲು ನೋಡಿ. ಹಿಂದಕ್ಕೆ ಚಾಚಿಕೊಂಡಿದ್ದರೆ ಆ ದೋಣಿಯ ಹಿಂದೆ ನೀರಿಗಿಳಿಯಲೇಬೇಡಿ. ಬಳಿಕ ಅಂಗಡಿಯವರಿಗೆ ನಿಮ್ಮ ತೂಕ ಹೇಳಿ, ತಯಾರಕರ ತೂಕದ ಪಟ್ಟಿಯಲ್ಲಿ ನಿಮ್ಮದು ಎಲ್ಲಿ ಬರುತ್ತದೆಂದು ನೋಡಿ, ಎರಡು ಅಳತೆಗಳ ನಡುವೆ ಬಂದರೆ ದೊಡ್ಡದನ್ನೇ ಕೊಳ್ಳಿ.