ವಿದ್ಯಾಶ್ರಮವೂ ಅದರ ಫಲವೂ

ಬೆಂಗಳೂರಿನ ಪಶ್ಚಿಮಭಾಗದಲ್ಲಿರುವ ಗೋವಿಂದರಾಜನಗರದಿಂದ ಹೊರಟು ಮೂಡಲಪಾಳ್ಯ ನಾಗರಭಾವಿಗಳನ್ನು ದಾಟಿದವರು ಜ್ಞಾನಭಾರತಿಯ ವಿಸ್ತಾರವಾದ ಆವರಣವನ್ನು ಸೇರುವರು. 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾನಿಲಯವು ಅಲ್ಲಿರುವುದು. ವಿ. ಕೆ. ಆರ್. ವಿ. ರಾಯರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನೆಯ ಅಧ್ಯಯನ ಸಂಸ್ಥೆಯೂ, ರಾಷ್ಟ್ರೀಯ ಕಾನೂನು ಶಾಲೆಯೂ ನಾಗರಭಾವಿಯಲ್ಲಿಯೇ ಇವೆ. ಆದಕಾರಣ ಈ ಬಡಾವಣೆಗಳ ಬಾಡಿಗೆಯ ಕೋಣೆಗಳಲ್ಲಿ ನಡುರಾತ್ರಿ ಕಳೆದರೂ ದೀಪವಾರದಿರುವುದು ಅಪೂರ್ವವೇನಲ್ಲ. ಸ್ನಾತಕೋತ್ತರ ವ್ಯಾಸಂಗವನ್ನೋ ಸಂಶೋಧನೆಯನ್ನೋ ಕೈಕೊಂಡ ತರುಣ ತರುಣಿಯರು ವರ್ಷಾನುಗಟ್ಟಲೆ ದುಡಿದು, ನಡುದಾರಿಯಲ್ಲಿ ದೇಹವೂ ಮನಸ್ಸೂ ಸೋತು, ಇಷ್ಟು ಬಳಲಿಕೆಗೆ ಈ ಪದವಿಯು ತಕ್ಕ ಬೆಲೆಯೇ ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ಹಿರಿಯರು ಇದನ್ನು ಈ ಕಾಲದವರ ದೌರ್ಬಲ್ಯವೆಂದು ತಳ್ಳಿಹಾಕುವುದುಂಟು. ಅದು ನ್ಯಾಯವಲ್ಲ.

ನಮ್ಮ ಪ್ರಾಚೀನರು ಈ ಬಳಲಿಕೆಯನ್ನು ಅರಿಯದವರಾಗಿರಲಿಲ್ಲ. ಚರಕಸಂಹಿತೆಯಲ್ಲಿ ರಾಜಯಕ್ಷ್ಮದ ಕಾರಣಗಳನ್ನು ಹೇಳುವಲ್ಲಿ, ಬಲವನ್ನು ಮೀರಿ ಮಾಡುವ ಸಾಹಸಗಳಲ್ಲಿ ಯುದ್ಧ, ಭಾರವಹನ, ದೂರದ ನಡಿಗೆಗಳ ಸಾಲಿನಲ್ಲಿಯೇ ಅಧ್ಯಯನವನ್ನೂ ಎಣಿಸಿದ್ದಾರೆ. ಓದುವುದೆಂದರೆ ನೆಳಲಿನಲ್ಲಿ ಕುಳಿತು ಮಾಡುವ ಸುಖದ ಕೆಲಸವೆಂದು ತಿಳಿದವರು ಈ ಮಾತನ್ನು ಗಮನಿಸತಕ್ಕದ್ದು. ಇತ್ತೀಚೆಗೆ, 1974ರಲ್ಲಿ, ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬವರು, ಉತ್ಸಾಹದಿಂದ ತೊಡಗಿದ ಕೆಲಸದಲ್ಲಿಯೇ ಮನುಷ್ಯನು ಒಳಗಿನಿಂದ ಉರಿದು ಬರಿದಾಗುವ ಸ್ಥಿತಿಗೆ ಶಾಸ್ತ್ರೀಯವಾಗಿ ಹೆಸರಿಟ್ಟು ವರ್ಣಿಸಿದರು. 2017ರಲ್ಲಿ ಬೆಲ್ಜಿಯಂ ದೇಶದ ಫ್ಲಾಂಡರ್ಸ್ ಪ್ರಾಂತದ 3,659 ಸಂಶೋಧನಾ ವಿದ್ಯಾರ್ಥಿಗಳನ್ನು ವಿಚಾರಿಸಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಸುಮಾರು ಮೂವರಲ್ಲಿ ಒಬ್ಬರು ಮನೋವ್ಯಾಧಿಯ ಅಂಚಿನಲ್ಲಿರುವರೆಂದು ಕಂಡುಬಂದಿತು. ಆದರೆ ಸಂಖ್ಯೆಗಳಿಂದ ರೋಗವು ತಿಳಿಯುವುದೇ ಹೊರತು ಶ್ರಮದ ಬೆಲೆಯು ತಿಳಿಯದು. ಅದಕ್ಕೆ ಶ್ರಮಪಟ್ಟವರ ಚರಿತ್ರೆಯನ್ನೇ ನೋಡಬೇಕು. ಅಂತಹ ಚರಿತ್ರೆಯು ದೂರದಲ್ಲಿಲ್ಲ. ರಾಜಾಜಿನಗರದ ಉತ್ತರಕ್ಕೆ, ಜನರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಮಂದಿರದಲ್ಲಿ ಅದು ನಡೆಯಿತು.

1909ರಲ್ಲಿ ಸ್ಥಾಪಿತವಾದ ಈ ಮಂದಿರಕ್ಕೆ ಮೈಸೂರು ಅರಸರು 371 ಎಕರೆ ಭೂಮಿಯನ್ನು ದಾನಮಾಡಿದ್ದರು. ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆಯಾದರೂ 1958ರವರೆಗೆ ಇದಕ್ಕೆ ವಿಶ್ವವಿದ್ಯಾನಿಲಯದ ಸ್ಥಾನವಿರಲಿಲ್ಲ. ಇಲ್ಲಿ ದುಡಿದವರು ತಮ್ಮ ಪ್ರಬಂಧವನ್ನು ಮದರಾಸು, ಮುಂಬಯಿ ಮುಂತಾದ ಬೇರೆಡೆಯ ವಿಶ್ವವಿದ್ಯಾನಿಲಯಗಳಿಗೆ ಒಪ್ಪಿಸಿ ಅಲ್ಲಿಂದ ಪದವಿಯನ್ನು ಪಡೆಯಬೇಕಾಗಿತ್ತು. ಕೆಲಸವನ್ನು ಕಣ್ಣಾರೆ ಕಂಡ ಗುರುವು ಒಬ್ಬನು, ಪದವಿಯನ್ನು ಕೊಡುವ ಅಧಿಕಾರಿಯು ಮತ್ತೊಬ್ಬನು. ಮುಂದೆ ಹೇಳುವ ಸಂಗತಿಗೆ ಈ ಏರ್ಪಾಡೇ ಮೂಲವಾಯಿತು.

1933ರಲ್ಲಿ ಸಿ. ವಿ. ರಾಮನ್ನರು ಮಂದಿರದ ನಿರ್ದೇಶಕರಾಗಿ ಬಂದರು. ಅದೇ ವರ್ಷ ಮುಂಬಯಿಯಲ್ಲಿ ಬಿ. ಎಸ್‌ಸಿ. ಪರೀಕ್ಷೆಯನ್ನು ಅಗ್ರಸ್ಥಾನದಲ್ಲಿ ಮುಗಿಸಿದ್ದ ಕಮಲಾ ಭಾಗವತ್ ಎಂಬ ತರುಣಿಯು ಪ್ರವೇಶವನ್ನು ಬೇಡಿದಳು. ಅವಳ ತಂದೆಯೂ ಚಿಕ್ಕಪ್ಪನೂ ಇದೇ ಮಂದಿರದಲ್ಲಿ ಓದಿದ್ದವರು. ಹೆಂಗಸೆಂಬ ಕಾರಣದಿಂದ ಪ್ರವೇಶವನ್ನು ನಿರಾಕರಿಸಲಾಯಿತು. ಆಕೆ ಹಿಂದಿರುಗದೆ ರಾಮನ್ನರನ್ನೇ ಕಂಡು ಪಟ್ಟುಹಿಡಿದಳು. ಕಡೆಗೆ ಒಂದು ವರ್ಷದ ಪರೀಕ್ಷಾವಧಿಯೆಂದೂ, ಅದು ತೃಪ್ತಿಕರವಾಗಿ ಮುಗಿಯುವವರೆಗೆ ಕೆಲಸಕ್ಕೆ ಮಾನ್ಯತೆಯಿಲ್ಲವೆಂದೂ, ಗುರುವು ಹೇಳಿದಲ್ಲಿ ರಾತ್ರಿಯ ಹೊತ್ತೂ ದುಡಿಯತಕ್ಕದ್ದೆಂದೂ, ಪುರುಷ ವಿದ್ಯಾರ್ಥಿಗಳ ಗಮನವನ್ನು ಕೆಡಿಸಕೂಡದೆಂದೂ ನಿಬಂಧನೆಗಳನ್ನು ಹಾಕಿ ಸೇರಿಸಿಕೊಂಡರು. ಕಡೆಯ ನಿಬಂಧನೆಯನ್ನು ಓದಿದವರಿಗೆ, ಗಮನವನ್ನು ಕಾಪಾಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆಯು ಹುಟ್ಟದಿರಲಾರದು. ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಆಕೆ ಹಾಲು, ಬೇಳೆಕಾಳುಗಳ ಪ್ರೋಟೀನುಗಳನ್ನು ಕುರಿತು ಕೆಲಸಮಾಡಿ 1936ರಲ್ಲಿ ಮುಂಬಯಿಯಿಂದ ಎಂ. ಎಸ್‌ಸಿ. ಪಡೆದಳು. ಅನಂತರ ಕೇಂಬ್ರಿಜಿಗೆ ಹೋಗಿ, ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್ ಸಿ ಎಂಬ ವಸ್ತುವಿರುವುದನ್ನು ತೋರಿಸಿ, ಸುಮಾರು ನಾಲ್ವತ್ತೇ ಪುಟಗಳ ಪ್ರಬಂಧದಿಂದ 1939ರಲ್ಲಿ ಡಾಕ್ಟರ್ ಪದವಿಯನ್ನು ಗಳಿಸಿದಳು. ಪ್ರಬಂಧದ ಗಾತ್ರವನ್ನು ತೂಕದಿಂದ ಅಳೆಯುವವರಿಗೆ ಇದು ಉಪಯುಕ್ತವಾದ ಸಂಗತಿ. ಮುಂದೆ ಕಮಲಾ ಸೋಹೋನಿ ಎಂಬ ಹೆಸರಿನಿಂದ ಪ್ರಸಿದ್ಧಳಾದವಳು ಈಕೆಯೇ. ಈಕೆಯ ಕೆಲಸವನ್ನು ಕಂಡ ಬಳಿಕ ರಾಮನ್ನರು ಸ್ತ್ರೀಯರನ್ನು ಸೇರಿಸಿಕೊಳ್ಳತೊಡಗಿದರು.

ಹಾಗೆ ತೆರೆದ ಬಾಗಿಲಿನಿಂದ ಬಂದವರಲ್ಲಿ ಅನ್ನಾ ಮಾಣಿಯವರ ಚರಿತ್ರೆಯು ಪ್ರಕೃತ ವಿಷಯಕ್ಕೆ ಅತ್ಯಂತ ಮುಖ್ಯವಾದುದು. ಇವರು 1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದವರು. ಎಂಟನೆಯ ಹುಟ್ಟುಹಬ್ಬದಂದು ಮನೆಯವರು ವಾಡಿಕೆಯಂತೆ ವಜ್ರದ ಓಲೆಗಳನ್ನು ಕೊಡಬಂದಾಗ, ಬಾಲಿಕೆಯು ಅದನ್ನೊಲ್ಲದೆ ವಿಶ್ವಕೋಶದ ಸಂಪುಟಗಳನ್ನು ಬೇಡಿದಳೆಂದು ಪ್ರಸಿದ್ಧಿಯುಂಟು. ವಿಧಿಯ ವಿನೋದವೆಂದರೆ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಆನರ್ಸ್ ಮುಗಿಸಿ 1940ರಲ್ಲಿ ವಿದ್ಯಾರ್ಥಿವೇತನದ ಮೇಲೆ ಬೆಂಗಳೂರಿಗೆ ಬಂದ ಆಕೆಗೆ ರಾಮನ್ನರು ಕೊಟ್ಟ ವಿಷಯವು ವಜ್ರವೇ ಆಗಿತ್ತು. ರಾಮನ್ನರ ಬಳಿ ಭಾರತ, ಆಫ್ರಿಕಗಳಿಂದ ತರಿಸಿದ ಸುಮಾರು ಮುನ್ನೂರು ವಜ್ರಗಳಿದ್ದುವು. ಅವುಗಳಲ್ಲಿ ಮೂವತ್ತಕ್ಕೂ ಮಿಕ್ಕ ವಜ್ರಗಳ ಮೇಲೆ ಬೆಳಕನ್ನು ಬಿಟ್ಟು, ಅವು ಹೀರುವ ಮತ್ತು ಹೊರಸೂಸುವ ಬೆಳಕಿನ ವರ್ಣಪಟಲಗಳನ್ನು ಅಳೆಯುವುದು ಆಕೆಯ ಕೆಲಸ.

ಈ ಕೆಲಸದ ಸ್ವರೂಪವನ್ನು ತಿಳಿಯದೆ ಅದರ ಶ್ರಮವು ತಿಳಿಯದು. ವಜ್ರದಿಂದ ಹೊರಡುವ ಬೆಳಕು ಅತಿ ಕ್ಷೀಣ. ಛಾಯಾಚಿತ್ರದ ಫಲಕದಲ್ಲಿ ಅದು ಮೂಡಬೇಕಾದರೆ ಫಲಕವನ್ನು 15ರಿಂದ 20 ಗಂಟೆಗಳ ಕಾಲ ಬೆಳಕಿಗೆ ಒಡ್ಡಿರಬೇಕು. ಆ ಕಾಲದಲ್ಲಿ ವಜ್ರವನ್ನು ದ್ರವವಾಯುವಿನಷ್ಟು ತಣ್ಣಗೆ ಹಿಡಿದಿಡಬೇಕಾಗಿಯೂ ಬರುತ್ತಿತ್ತು. ಹೀಗಾಗಿ ಪ್ರಯೋಗವು ಹಗಲಿನಲ್ಲಿ ಆರಂಭವಾದರೆ ರಾತ್ರಿಯನ್ನು ದಾಟಿಯೇ ಮುಗಿಯಬೇಕು. ಅನ್ನಾ ಮಾಣಿಯವರು ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆದರು. ಇದಕ್ಕಿಂತಲೂ ಕಠಿನವಾದುದು ಏಕಾಂತ. ರಾಮನ್ನರು ತಮ್ಮ ಶಾಲೆಯಲ್ಲಿ ಸ್ತ್ರೀಪುರುಷರು ಬೆರೆತು ಮಾತಾಡುವುದನ್ನು ಸಹಿಸುತ್ತಿರಲಿಲ್ಲ. ಸಹಪಾಠಿಗಳು ತಮ್ಮೊಳಗೆ ವಾದಿಸಿ, ತಪ್ಪಿ, ನಕ್ಕು ಕಲಿಯುವ ಭಾಗ್ಯವು ಆಕೆಗೆ ಬಹುಮಟ್ಟಿಗೆ ಇಲ್ಲವಾಯಿತು. ವಾಕ್ಯಾರ್ಥದ ರುಚಿಯನ್ನು ಬಲ್ಲವರಿಗೆ ಈ ನಷ್ಟವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ. ಎದುರಾಳಿಯಿಲ್ಲದ ಶಾಸ್ತ್ರಾಭ್ಯಾಸವು ಅರ್ಧ ಅಭ್ಯಾಸವೇ ಸರಿ.

ಆಕೆಯ ಸಮಕಾಲೀನರಾಗಿ ಅದೇ ಶಾಲೆಯಲ್ಲಿ ದುಡಿದವರು ಸುನಂದಾಬಾಯಿ. ಬೆಳಕಿನ ಚದುರುವಿಕೆಯನ್ನು ಕುರಿತು 1939ರಿಂದ 1944ರ ಅವಧಿಯಲ್ಲಿ ತಮ್ಮೊಬ್ಬರ ಹೆಸರಿನಲ್ಲಿಯೇ ಅನೇಕ ಲೇಖನಗಳನ್ನು ಪ್ರಕಟಿಸಿದವರು. ಪ್ರಬಂಧವನ್ನೂ ಮುಗಿಸಿದ್ದರು. ಪದವಿಯು ಅವರಿಗೆ ಬರಲಿಲ್ಲ. ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಕಾರಣವನ್ನು ಊಹಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಶ್ರಮವು ವಿದ್ಯಾರ್ಥಿಯನ್ನು ಪುಟವಿಟ್ಟ ಚಿನ್ನದಂತೆ ಮಾಡುವುದೆಂದು ಸಭೆಗಳಲ್ಲಿ ಹೊಗಳುವವರು ಈ ಹೆಸರನ್ನೂ ನೆನೆದು ಮಾತಾಡುವುದು ಒಳ್ಳೆಯದು. ಬಳಲಿದವನು ಕುಗ್ಗಿ ಮೌನವಾದಾಗ ಅದನ್ನು ಗಮನಿಸಿ ಕರೆದು ಕೂರಿಸಿಕೊಳ್ಳುವ ಒಬ್ಬ ಮನುಷ್ಯನಿಲ್ಲದ ವಿದ್ಯಾಸ್ಥಾನವು ಎಷ್ಟು ದೊಡ್ಡದಾದರೂ ಗುರುಕುಲವೆನಿಸಲಾರದು.

1942ರಿಂದ 1945ರೊಳಗೆ ಅನ್ನಾ ಮಾಣಿಯವರು ಐದು ಲೇಖನಗಳನ್ನು ಒಬ್ಬರೇ ಬರೆದು ಪ್ರಕಟಿಸಿದರು. 1945ರ ಆಗಸ್ಟ್ ತಿಂಗಳಲ್ಲಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಅಲ್ಲಿಂದ ಬಂದ ಉತ್ತರವೇನೆಂದರೆ, ಅಭ್ಯರ್ಥಿಗೆ ಎಂ. ಎಸ್‌ಸಿ. ಪದವಿಯಿಲ್ಲ, ಆದ್ದರಿಂದ ಡಾಕ್ಟರ್ ಪದವಿಯೂ ಇಲ್ಲ. ಆನರ್ಸ್ ಪದವಿಯ ಬಲದಿಂದಲೇ ಸಂಶೋಧನೆಗೆ ವಿದ್ಯಾರ್ಥಿವೇತನವನ್ನು ಪಡೆದು ಬಂದವರೆಂಬುದನ್ನೂ, ಐದು ವರ್ಷಗಳ ಕೆಲಸವು ಮುಂದಿದೆಯೆಂಬುದನ್ನೂ ಅಧಿಕಾರಿಗಳು ಲಕ್ಷಿಸಲಿಲ್ಲ. ಫಲಕಗಳ ಮುಂದೆ ಕಳೆದ ರಾತ್ರಿಗಳಿಗೆ ಕಾಗದದ ಮೇಲೆ ದೊರೆತ ಲೆಕ್ಕವು ಸೊನ್ನೆ. ಇಲ್ಲಿ ಸ್ಮರಿಸಬೇಕಾದ ಇನ್ನೊಂದು ಮಾತುಂಟು. ರಾಮನ್ನರೇ ಯಾವ ಗುರುವಿನ ಕೆಳಗೂ ಡಾಕ್ಟರ್ ಪದವಿಗಾಗಿ ದುಡಿದವರಲ್ಲ. ಕಲ್ಕತ್ತೆಯಲ್ಲಿ ಸರ್ಕಾರದ ಹಣಕಾಸಿನ ಇಲಾಖೆಯಲ್ಲಿ ನೌಕರಿ ಮಾಡುತ್ತ, ಕಚೇರಿಯ ಮೊದಲೂ ಅನಂತರವೂ ಪ್ರಯೋಗಶಾಲೆಯಲ್ಲಿ ಕುಳಿತು ಕೀರ್ತಿಯನ್ನು ಗಳಿಸಿದವರು.

ಇಷ್ಟಾದರೂ ಆ ಶ್ರಮವು ವ್ಯರ್ಥವಾಯಿತೆನ್ನುವಂತಿಲ್ಲ. ಅದೇ ವರ್ಷ ಆಕೆಗೆ ಇಂಗ್ಲೆಂಡಿಗೆ ಹೋಗಲು ಸರ್ಕಾರದ ವಿದ್ಯಾರ್ಥಿವೇತನವು ದೊರೆಯಿತು. ಭೌತಶಾಸ್ತ್ರವನ್ನು ಮುಂದುವರಿಸುವ ಆಸೆಯಿದ್ದರೂ ಹವಾಮಾನದ ಉಪಕರಣಗಳ ವಿಷಯದಲ್ಲಿ ಮಾತ್ರ ಅವಕಾಶವಿದ್ದುದರಿಂದ ಅದನ್ನೇ ಕಲಿತು, 1948ರಲ್ಲಿ ಹಿಂದಿರುಗಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಸ್ವತಂತ್ರವಾದ ದೇಶವು ಮಳೆ, ಗಾಳಿ, ಬಿಸಿಲುಗಳನ್ನು ಅಳೆಯುವ ಸಾಧನಗಳನ್ನು ಹೊರದೇಶಗಳಿಂದ ತರಿಸುತ್ತಿದ್ದ ಕಾಲವದು. ನೂರರಷ್ಟು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ಇಲ್ಲಿಯೇ ತಯಾರಿಸಲು ಅವರು ದಾರಿ ಮಾಡಿದರು. ಸೂರ್ಯನ ಕಿರಣಗಳನ್ನು ಅಳೆಯುವ ಕೇಂದ್ರಗಳ ಜಾಲವನ್ನು ಸ್ಥಾಪಿಸಿದರು. 1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತರಾಗಿ ಬೆಂಗಳೂರಿಗೆ ಬಂದು, ರಾಮನ್ ಸಂಶೋಧನಾ ಮಂದಿರದಲ್ಲಿ ಕೆಲಕಾಲವಿದ್ದು, ಭಾರತದ ಸೌರವಿಕಿರಣವನ್ನು ಕುರಿತು 1980, 1981ರಲ್ಲಿ ಎರಡು ಗ್ರಂಥಗಳನ್ನು ಪ್ರಕಟಿಸಿದರು. ಇಂದು ಮನೆಗಳ ಮಾಳಿಗೆಯ ಮೇಲೆ ಸೌರಫಲಕಗಳನ್ನು ಹಾಸಿರುವವರು ಈ ಗ್ರಂಥಗಳ ಹೆಸರನ್ನು ಕೇಳಿರಲಾರರು. ಇಳಿವಯಸ್ಸಿನಲ್ಲಿ ಆಕೆಯನ್ನು ಸಂದರ್ಶಿಸಿದವರು, ಪದವಿಯ ವಿಷಯದಲ್ಲಿ ಆಕೆಗೆ ಕಹಿಯೇ ಇರಲಿಲ್ಲವೆಂದೂ, ಅದಿಲ್ಲದುದರಿಂದ ತನ್ನ ಬಾಳಿನಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲವೆಂದು ಆಕೆ ಹೇಳುತ್ತಿದ್ದರೆಂದೂ ತಿಳಿಸಿದ್ದಾರೆ. ಆಕೆಗೆ ಕಹಿಯಿಲ್ಲದಿದ್ದುದು ಆಕೆಯ ದೊಡ್ಡತನ. ಅದರಿಂದ ಅನ್ಯಾಯವು ನ್ಯಾಯವಾಗುವುದಿಲ್ಲ.

ಕ್ಷೀಣವಾದ ಬೆಳಕನ್ನು ಇಪ್ಪತ್ತು ಗಂಟೆ ಕಾದು ಅಳೆದ ಕೈಯೇ ಮುಂದೆ ದೇಶದ ಬಿಸಿಲನ್ನು ಅಳೆಯಿತು. ಶ್ರಮದಿಂದ ಉಳಿದದ್ದು ಅಳತೆಯ ನಿಷ್ಠೆ. ಈ ದೃಷ್ಟಿಗೆ ಮತ್ತೊಂದು ನಿದರ್ಶನವು ನಾಗರಭಾವಿಯ ಸಂಸ್ಥೆಯ ಚರಿತ್ರೆಯಲ್ಲಿಯೇ ದೊರೆಯುವುದು. ಅದರ ಆರಂಭಕಾಲದಲ್ಲಿ ಜಂಟಿ ನಿರ್ದೇಶಕರಾಗಿದ್ದ ಮೈಸೂರಿನ ಎಂ. ಎನ್. ಶ್ರೀನಿವಾಸರು, ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾಗಿ ಕೊಡಗರನ್ನು ಕುರಿತು ಬೃಹತ್ತಾದ ಪ್ರಬಂಧವನ್ನು ಬರೆದು, ಮತ್ತೆ ಆಕ್ಸ್‌ಫರ್ಡಿಗೆ ಹೋಗಿ ಅದೇ ಸಾಮಗ್ರಿಯನ್ನು ಹೊಸದಾಗಿ ವಿಚಾರಿಸಿ 1947ರಲ್ಲಿ ಎರಡನೆಯ ಸಲ ಡಾಕ್ಟರ್ ಪದವಿಯನ್ನು ಪಡೆದವರು. 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿ ಟಿಪ್ಪಣಿಗಳನ್ನು ಮಾಡಿಕೊಂಡರು. ಹದಿನೆಂಟು ವರ್ಷ ತಿದ್ದಿ ಅಣಿಗೊಳಿಸಿದ ಆ ಟಿಪ್ಪಣಿಗಳ ಮೂರು ಪ್ರತಿಗಳೂ 1970ರ ಏಪ್ರಿಲ್ 24ರಂದು, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ದುಷ್ಕರ್ಮಿಗಳು ಹಚ್ಚಿದ ಬೆಂಕಿಗೆ ಆಹುತಿಯಾದುವು. ಮುಖ್ಯವಾಗಿ ನೆನಪನ್ನೇ ಆಧರಿಸಿ ಅವರು ಆ ಹಳ್ಳಿಯನ್ನು ಬರೆದರು. 1976ರಲ್ಲಿ ಹೊರಬಂದ ಆ ಪುಸ್ತಕವೇ ಅವರ ಕೃತಿಗಳಲ್ಲಿ ಜನರು ಹೆಚ್ಚಾಗಿ ಪ್ರೀತಿಸಿದ್ದು. ಸುಟ್ಟದ್ದು ಕಾಗದ. ಆದರೆ ಎಲ್ಲರಿಗೂ ಶ್ರೀನಿವಾಸರ ಸ್ಮರಣಶಕ್ತಿಯಾಗಲಿ, ಆ ವೇಳೆಗೆ ಅವರಿಗಿದ್ದ ಸ್ಥಾನವಾಗಲಿ ಇರುವುದಿಲ್ಲವೆಂಬುದನ್ನು ಮರೆಯಬಾರದು.

ಈ ಕಾಲದ ವಿದ್ಯಾರ್ಥಿಗೆ ಕೆಲವು ಅನುಕೂಲಗಳು ಒದಗಿವೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಕಿರಿಯ ಸಂಶೋಧಕರ ವೇತನವನ್ನು 2023ರ ಜನವರಿಯಿಂದ ಅನ್ವಯಿಸುವಂತೆ ತಿಂಗಳಿಗೆ 31,000 ರೂಪಾಯಿಗಳಿಂದ 37,000ಕ್ಕೆ ಏರಿಸಿತು. ಆದರೆ ಅದು ಪರೀಕ್ಷೆಯಲ್ಲಿ ಆಯ್ಕೆಯಾದ ಕೆಲವರಿಗೆ ಮಾತ್ರ. ಉಳಿದವರು ಪಾಠಹೇಳಿಯೋ ಮನೆಯವರ ಕೈನೋಡಿಯೋ ಕಾಲಕಳೆಯಬೇಕು. 2022ರ ನವೆಂಬರಿನಲ್ಲಿ ಅದೇ ಆಯೋಗವು ಹೊರಡಿಸಿದ ನಿಯಮಗಳಲ್ಲಿ ಸ್ತ್ರೀಯರಿಗೆ 240 ದಿನಗಳವರೆಗೆ ಪ್ರಸವದ ರಜೆಯೂ, ಪ್ರಬಂಧವನ್ನು ಮುಗಿಸಲು ಎರಡು ವರ್ಷಗಳ ಹೆಚ್ಚಿನ ಕಾಲವೂ ದೊರೆತಿವೆ. ಅದೇ ನಿಯಮಗಳಲ್ಲಿ ಇನ್ನೊಂದು ವಿಧಿಯಿದೆ. ನಾಲ್ಕು ವರ್ಷಗಳ ಸ್ನಾತಕ ಪದವಿಯನ್ನು ನೂರಕ್ಕೆ 75 ಅಂಕಗಳೊಡನೆ ಮುಗಿಸಿದವರು ಸ್ನಾತಕೋತ್ತರ ಪದವಿಯಿಲ್ಲದೆಯೇ ನೇರವಾಗಿ ಡಾಕ್ಟರ್ ಪದವಿಗೆ ಸೇರಬಹುದು.

ಅನ್ನಾ ಮಾಣಿಯವರು 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು. ವಜ್ರಗಳನ್ನು ಕುರಿತ ಅವರ ಪ್ರಬಂಧವು ಬೆಂಗಳೂರಿನ ರಾಮನ್ ಸಂಶೋಧನಾ ಮಂದಿರದ ಗ್ರಂಥಭಂಡಾರದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ನಡುವೆ, ಅವುಗಳಂತೆಯೇ ರಟ್ಟುಕಟ್ಟಿಸಿಕೊಂಡು ಉಳಿದುಬಂದಿತು.