ದುಭಾಷಿಯ ಊರು: ಮಲಕ್ಕಾ, ಸಿಂಗಪುರ ಮತ್ತು ಮುನ್ಷಿ ಅಬ್ದುಲ್ಲಾ

ವಲಸೆಯ ಚರಿತ್ರೆಯನ್ನು ಬರೆದವರು ಹೆಚ್ಚಾಗಿ ವರ್ತಕ, ಕೂಲಿಯಾಳು ಮತ್ತು ಸೈನಿಕ ಈ ಮೂವರನ್ನು ಕುರಿತೇ ವಿಚಾರಿಸಿದ್ದಾರೆ. ವರ್ತಕನು ಸುಂಕವನ್ನು ನೋಡಿ ರೇವನ್ನು ಆರಿಸುತ್ತಾನೆ. ಕೂಲಿಯಾಳನ್ನು ಮೇಸ್ತ್ರಿ ಕರೆದೊಯ್ಯುತ್ತಾನೆ. ಸೈನಿಕನು ಆಜ್ಞೆಯಾದೆಡೆಗೆ ಹೋಗುತ್ತಾನೆ. ಆದರೆ ಎರಡು ಮೂರು ಭಾಷೆಗಳನ್ನು ಬಲ್ಲುದನ್ನೇ ಬಂಡವಾಳವಾಗಿ ಉಳ್ಳ ಲಿಪಿಕಾರನು ಯಾವ ಲೆಕ್ಕಾಚಾರದಿಂದ ಪರರಾಜ್ಯದ ಪಟ್ಟಣವೊಂದನ್ನು ಆರಿಸಿಕೊಳ್ಳುತ್ತಾನೆ ಎಂಬ ಪ್ರಶ್ನೆಗೆ ಆಧಾರಗಳು ವಿರಳ. ಅವನು ಜೀವಮಾನವಿಡೀ ಬರೆದದ್ದೆಲ್ಲ ಪರರ ಮಾತು. ತನ್ನ ಮಾತನ್ನು ದಾಖಲಿಸಲು ಅವನಿಗೆ ಅವಕಾಶವೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಈ ದೃಷ್ಟಿಯಿಂದ ಮಲಯ ಭಾಷೆಯ 'ಹಿಕಾಯತ್ ಅಬ್ದುಲ್ಲಾ' ಎಂಬ ಆತ್ಮಚರಿತ್ರೆ ಅಪೂರ್ವವಾದ ಆಕರ. 1843ರಲ್ಲಿ ಬರೆದು ಮುಗಿಸಿದ ಈ ಗ್ರಂಥ 1849ರಲ್ಲಿ ಸಿಂಗಪುರದಲ್ಲಿ ಕಲ್ಲಚ್ಚಿನಲ್ಲಿ ಪ್ರಕಟವಾಯಿತು. ಇದನ್ನು ಇಂಗ್ಲಿಷರ ಆಗಮನದ ವೃತ್ತಾಂತವೆಂದು ಓದುವುದೇ ರೂಢಿಯಾಗಿದೆ. ಒಬ್ಬ ದುಭಾಷಿಯ ಜೀವನೋಪಾಯದ ದಾಖಲೆಯಾಗಿಯೂ ಅದನ್ನು ಓದಬಹುದೆಂಬುದು ಪ್ರಸ್ತುತ ಲೇಖನದ ನಿಲುವು.

ಅಬ್ದುಲ್ಲಾ ಹುಟ್ಟಿದ್ದು 1796ರಲ್ಲಿ, ಮಲಕ್ಕಾದಲ್ಲಿ. ಅವನ ಮುತ್ತಜ್ಜ ಯೆಮನ್ ದೇಶದ ಅರಬ. ತಮಿಳುನಾಡಿನ ನಾಗೂರಿಗೆ ಬಂದು, ಅಲ್ಲಿಯೇ ಮದುವೆಯಾಗಿ ನೆಲೆಸಿದವನು. ಅಜ್ಜನು ನಾಗೂರಿನಿಂದ ಮಲಕ್ಕಾಕ್ಕೆ ಬಂದನು. ಹೀಗೆ ಮೂರು ತಲೆಮಾರುಗಳ ಸಮುದ್ರಯಾನವು ಆ ಮನೆಯಲ್ಲಿ ಅರಬ್ಬಿ, ತಮಿಳು, ಮಲಯ ಭಾಷೆಗಳನ್ನು ಕೂಡಿಸಿತ್ತು. ತಮಿಳನ್ನು ಅವನು ಮನೆಮಾತಿನ ಅಭಿಮಾನದಿಂದ ಕಲಿತವನಲ್ಲ. ಲೆಕ್ಕಪತ್ರಕ್ಕೂ ವ್ಯಾಪಾರಕ್ಕೂ ಅದು ಬೇಕೆಂಬುದು ಮಲಕ್ಕಾದ ಅನುಕೂಲಸ್ಥರ ಹಳೆಯ ಪದ್ಧತಿಯಾಗಿದ್ದುದರಿಂದ ತಂದೆ ಅವನನ್ನು ತಮಿಳು ಉಪಾಧ್ಯಾಯರಲ್ಲಿಗೆ ಕಳುಹಿಸಿದನು. ಹಿಂದೂಸ್ತಾನಿಯನ್ನು ಕೋಟೆಯ ಭಾರತೀಯ ಸಿಪಾಯಿಗಳಿಂದ ಕಲಿತನು. ಅವರಿಗೆ ಪಾಠ ಹೇಳುತ್ತಿದ್ದುದರಿಂದ ದೊರೆತ 'ಮುನ್ಷಿ' ಎಂಬ ಹೆಸರು ಕೊನೆಯವರೆಗೂ ಉಳಿಯಿತು. ನಮ್ಮ ಹಳೆಯ ಪಾಠಶಾಲೆಗಳ ಕನ್ನಡ ಮುನ್ಷಿಗಳನ್ನು ನೆನೆಯುವ ಓದುಗರಿಗೆ ಈ ಪದದ ಗೌರವವನ್ನೂ ಅದಕ್ಕಿದ್ದ ಅಲ್ಪ ಸಂಬಳವನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಇಂಗ್ಲಿಷು ಬಂದದ್ದು ಕೊನೆಗೆ, 1815ರಲ್ಲಿ ಮಲಕ್ಕಾಕ್ಕೆ ಬಂದ ವಿಲಿಯಂ ಮಿಲ್ನೆ ಮೊದಲಾದ ಪಾದ್ರಿಗಳಿಂದ. ಅವರಿಗೆ ಇವನು ಮಲಯ ಕಲಿಸಿದನು.

ಊರನ್ನು ಆರಿಸುವ ಪ್ರಶ್ನೆ ಅವನಿಗೆ ಮೊದಲು ಎದುರಾದದ್ದು 1811ರಲ್ಲಿ. ಜಾವಾದ ಮೇಲಿನ ದಂಡಯಾತ್ರೆಯ ಸಿದ್ಧತೆಗಾಗಿ ಸ್ಟ್ಯಾಂಫರ್ಡ್ ರಾಫಲ್ಸ್ ಮಲಕ್ಕಾದಲ್ಲಿ ಬೀಡುಬಿಟ್ಟಿದ್ದನು. ಮಲಯ ಅರಸರಿಗೆ ಪತ್ರಗಳನ್ನು ಬರೆಯಲೂ ಹಸ್ತಪ್ರತಿಗಳನ್ನು ನಕಲು ಮಾಡಲೂ ಅವನು ಇಟ್ಟುಕೊಂಡಿದ್ದ ಲಿಪಿಕಾರರಲ್ಲಿ ಅಬ್ದುಲ್ಲಾ ಅತ್ಯಂತ ಕಿರಿಯನು. (ಇದೇ ವಲಯಕ್ಕೆ ಸೇರಿದ, 'ಸೆಜರಾ ಮೆಲಾಯು'ವನ್ನು ಇಂಗ್ಲಿಷಿಗೆ ತಂದ ಜಾನ್ ಲೇಡನ್, ಪೆನಾಂಗ್‌ಗೆ ಹೋಗುವ ಮುನ್ನ ಕಾಲಿನ್ ಮೆಕೆಂಜಿಯ ಮೈಸೂರು ಸರ್ವೇಕ್ಷಣೆಯಲ್ಲಿ ವೈದ್ಯನಾಗಿದ್ದವನು ಎಂಬುದನ್ನು ನಮ್ಮ ಸಂಶೋಧಕರು ಗಮನಿಸಬೇಕು.) ಜಾವಾಕ್ಕೆ ಬರುವಂತೆ ರಾಫಲ್ಸ್ ಕರೆದಾಗ, ಬದುಕುಳಿದಿದ್ದ ಒಬ್ಬನೇ ಮಗನನ್ನು ಕಳುಹಿಸಲು ತಾಯಿ ಒಪ್ಪಲಿಲ್ಲ. ಅಬ್ದುಲ್ಲಾ ಉಳಿದನು. ಐದೇ ವರ್ಷಗಳಲ್ಲಿ, 1816ರಲ್ಲಿ, ಜಾವಾ ಮರಳಿ ಡಚ್ಚರ ವಶವಾಯಿತು. ತಾಯಿಯ ಹಟವು ಮಗನನ್ನು ಆಸರೆಯಿಲ್ಲದ ಬಟಾವಿಯಾ ವಾಸದಿಂದ ತಪ್ಪಿಸಿತೆಂದೇ ಹೇಳಬೇಕು.

ಮಲಕ್ಕಾವೂ 1818ರಲ್ಲಿ ಡಚ್ಚರಿಗೆ ಹಿಂದಿರುಗಿತು. ಮರುವರ್ಷ ಫೆಬ್ರವರಿ 6ರ ಒಪ್ಪಂದದಿಂದ ಸಿಂಗಪುರದಲ್ಲಿ ಇಂಗ್ಲಿಷರ ನೆಲೆ ಸ್ಥಾಪಿತವಾಯಿತು. ಸುಮಾರು 200 ಕಿಲೋಮೀಟರ್ ಅಂತರದ ಈ ಎರಡು ರೇವುಗಳು ಅಲ್ಲಿಂದ ಆರು ವರ್ಷಗಳ ಕಾಲ ಬೇರೆ ಬೇರೆ ಪ್ರಭುತ್ವಗಳಿಗೆ ಸೇರಿದ್ದವು. ಮಲಕ್ಕಾದ ಜನ ಹೊಸ ನೆಲೆಗೆ ಹೋಗುವುದನ್ನು ಡಚ್ಚರು ತಡೆಯಲೆತ್ತಿಸಿದರೂ, ಹಿಂದೆ ಮಲಕ್ಕಾದ ಆಡಳಿತ ನಡೆಸಿದ್ದ ವಿಲಿಯಂ ಫಾರ್ಕ್ವಾರ್ ಈಗ ಸಿಂಗಪುರದ ರೆಸಿಡೆಂಟ್ ಆಗಿದ್ದುದರಿಂದ ಅವನ ಪರಿಚಯವನ್ನು ನಂಬಿ ಹೊರಟವರು ಹಲವರು. 1824ರ ಗಣತಿಯಲ್ಲಿ ಹೊಸ ಊರಿನ ಜನಸಂಖ್ಯೆ 10,683. 1836ರ ವೇಳೆಗೆ 29,984.

ಈ ಬೆಳವಣಿಗೆಗೆ ಸುಂಕರಹಿತ ವ್ಯಾಪಾರವೇ ಕಾರಣವೆಂಬುದು ನಿರ್ವಿವಾದ. ಆದರೆ ಸುಂಕದ ವಿನಾಯಿತಿಯಿಂದ ಲಿಪಿಕಾರನಿಗೆ ನೇರವಾಗಿ ದೊರೆಯುವುದೇನೂ ಇಲ್ಲ. ಅವನ ಗಳಿಕೆಗೆ ಬೇಕಾದುದು ಪರಸ್ಪರ ಮಾತು ತಿಳಿಯದ ಜನರ ಸಮೀಪವಾಸ. ಮಲಕ್ಕಾದಲ್ಲಿ ಭಾಷೆಗಳಿಗೇನೂ ಕೊರತೆಯಿರಲಿಲ್ಲ. ಶತಮಾನಗಳ ಒಡನಾಟದಿಂದ ಅವು ಒಂದಕ್ಕೊಂದು ಹೊಂದಿಕೊಂಡಿದ್ದವು. ಅಲ್ಲಿನ ಚೀನೀಯರ, ಚೆಟ್ಟಿಗಳ ಮನೆಗಳಲ್ಲಿ ಮಲಯ ಬಳಕೆಯ ಮಾತಾಗಿತ್ತು. ಸಿಂಗಪುರದಲ್ಲಾದರೋ ಬುಗಿಸ್ ನಾವಿಕರು, ಆಗತಾನೇ ಬಂದಿಳಿದ ಚೀನೀಯರು, ಅರಬರು, ಸ್ಕಾಟ್ಲೆಂಡಿನ ವರ್ತಕರು ಒಂದೇ ಬೀದಿಯಲ್ಲಿ ಅಂಗಡಿ ತೆರೆದಿದ್ದರು. ಕರಾರಿಗೆ, ಅರಸರಿಗೆ ಬರೆಯುವ ಪತ್ರಕ್ಕೆ ಮಧ್ಯಸ್ಥನಿಲ್ಲದೆ ನಡೆಯುತ್ತಿರಲಿಲ್ಲ. 1822ರಿಂದ 1823ರವರೆಗೆ ರಾಫಲ್ಸ್ ಅಲ್ಲಿದ್ದಾಗ ಅಬ್ದುಲ್ಲಾ ಅವನ ಲಿಪಿಕಾರನಾದನು. ವರ್ತಕರಿಗೂ ಪಾದ್ರಿಗಳಿಗೂ ಮಲಯ ಕಲಿಸಿದನು. 1838ರಲ್ಲಿ ಸಿಂಗಪುರದ ಪತ್ರಗಳನ್ನು ಒಯ್ದು ಕೆಲಾಂತಾನ್‌ಗೆ ಹೋದಾಗ ಬರೆದಿಟ್ಟ ಪ್ರವಾಸಕಥನ ಇಂದಿಗೂ ಓದಲ್ಪಡುತ್ತಿದೆ.

ಇಷ್ಟಾದರೂ ಅವನು ಸಿಂಗಪುರವನ್ನು ತನ್ನ ಊರನ್ನಾಗಿ ಮಾಡಿಕೊಳ್ಳಲಿಲ್ಲ. ಹೆಂಡತಿ ಮಕ್ಕಳು ಮಲಕ್ಕಾದಲ್ಲಿಯೇ ಇದ್ದರು. ಅವನು ದುಡಿಯಲು ಇಲ್ಲಿಗೆ ಬರುತ್ತಲೂ ಮನೆಗೆ ಅಲ್ಲಿಗೆ ಮರಳುತ್ತಲೂ ಇದ್ದನು. 1824ರ ಆಂಗ್ಲೋ-ಡಚ್ ಒಪ್ಪಂದದಂತೆ ಮಲಕ್ಕಾ ಮುಂದಿನ ವರ್ಷ ಇಂಗ್ಲಿಷರ ಕೈಸೇರಿ ನಡುವಣ ಗಡಿ ಅಳಿದರೂ ಈ ಎರಡು ಮನೆಯ ಬದುಕು ತಪ್ಪಲಿಲ್ಲ. ಕಾರಣ ಆತ್ಮಚರಿತ್ರೆಯ ಪುಟಗಳಲ್ಲಿಯೇ ಇದೆಯೆಂದು ನನ್ನ ಅಭಿಪ್ರಾಯ. ಅವನು ಚಿತ್ರಿಸುವ ಸಿಂಗಪುರ ಹಣದ ಊರು ಹೌದು. ಕೊಲೆ ದರೋಡೆಗಳ, ಬೆಂಕಿ ಅನಾಹುತಗಳ ಊರೂ ಹೌದು. 1830ರ ಅಗ್ನಿದುರಂತವನ್ನು ಕುರಿತು ಅವನು ಒಂದು ದೀರ್ಘ ಪದ್ಯವನ್ನೇ ರಚಿಸಿದನು. ಅನ್ನ ಕೊಡುವ ಊರೇ ಸಂಸಾರಕ್ಕೂ ತಕ್ಕ ಊರೆಂದು ಅವನು ಭಾವಿಸಿರಲಿಲ್ಲ. ಈ ಅಂಶವನ್ನು ಜನಗಣತಿಯ ಅಂಕಿಗಳು ತೋರಿಸಲಾರವು. ಗಣತಿಯಲ್ಲಿ ಅವನಂಥವನು ಎಣಿಕೆಯ ದಿನ ಎಲ್ಲಿದ್ದನೋ ಅಲ್ಲಿಯ ನಿವಾಸಿ.

1840ರಲ್ಲಿ ಹೆರಿಗೆಯ ತರುವಾಯ ಪತ್ನಿ ತೀರಿಕೊಂಡಳು. ಆಗ, ಎರಡು ದಶಕಗಳ ಓಡಾಟದ ಬಳಿಕ, ಅಬ್ದುಲ್ಲಾ ಮಲಕ್ಕಾದ ಮನೆಯನ್ನು ತೆರವು ಮಾಡಿ ಮಕ್ಕಳೊಡನೆ ಸಿಂಗಪುರದಲ್ಲಿ ನೆಲೆಸಿದನು. ಕೆಲಸವಂತೂ ಅದಕ್ಕೂ ಮುನ್ನವೇ ಮಲಕ್ಕಾವನ್ನು ಬಿಡತೊಡಗಿತ್ತು. ಪ್ರಾಂತದ ರಾಜಧಾನಿ 1832ರಲ್ಲಿ ಪೆನಾಂಗ್‌ನಿಂದ ಸಿಂಗಪುರಕ್ಕೆ ಬಂದಿತ್ತು. ಮಲಕ್ಕಾದ ಆಂಗ್ಲೋ-ಚೈನೀಸ್ ಕಾಲೇಜು 1843ರಲ್ಲಿ ಹಾಂಗ್‌ಕಾಂಗ್‌ಗೆ ಸ್ಥಳಾಂತರವಾಯಿತು.

ಅವನ ಬಹುಭಾಷಾ ಪಾಂಡಿತ್ಯದ ಫಲಗಳಲ್ಲಿ ಒಂದು ನಮಗೆ ವಿಶೇಷವಾಗಿ ಆಪ್ತವಾದುದು: 1835ರಲ್ಲಿ ಅವನು ತಮಿಳು ಬಲ್ಲ ಗೆಳೆಯನೊಬ್ಬನ ನೆರವಿನಿಂದ ಪಂಚತಂತ್ರವನ್ನು ತಮಿಳಿನಿಂದ ಮಲಯಕ್ಕೆ ತಂದನು. ದುರ್ಗಸಿಂಹನ ಕನ್ನಡ ಪಂಚತಂತ್ರಕ್ಕೂ ಜಾವಾದ ತಂತ್ರಿ ಕಥೆಗಳಿಗೂ ಇರುವ ನಂಟನ್ನು ವಿದ್ವಾಂಸರು ಬಹುಹಿಂದೆಯೇ ಗುರುತಿಸಿದ್ದಾರೆ. ಅದೇ ಸಮುದ್ರದಲ್ಲಿ ಅದೇ ಕಥೆಗಳ ಇನ್ನೊಂದು ಪಯಣ ಇದು; ಕೂಲಂಕಷವಾದ ತೌಲನಿಕ ಅಧ್ಯಯನಕ್ಕೆ ಅರ್ಹವಾದುದು.

1854ರಲ್ಲಿ ಅಬ್ದುಲ್ಲಾ ಸಿಂಗಪುರದಿಂದ ಹಜ್ ಯಾತ್ರೆಗೆ ಹೊರಟನು, ಮರಳಿ ಬರಲಿಲ್ಲ. ತಾಯಿ ತೀರಿದ ವರ್ಷವೇ ಹುಟ್ಟಿದ ಕಿರಿಯ ಮಗ ಇಬ್ರಾಹಿಂ ಮುಂದೆ ತಂದೆಯ ಊರುಗಳೆರಡನ್ನೂ ಬಿಟ್ಟು ಜೊಹೊರ್ ಅರಸರ ಸೇವೆಗೆ ಸೇರಿದನು. ಅಲ್ಲಿಯೂ ಅವನ ಹೆಸರಿನ ಜೊತೆಗೆ 'ಮುನ್ಷಿ' ಎಂಬ ಪದ ಉಳಿಯಿತು.